ಎರಡನೇ ಹಳಿಯ ಕಲ್ಲು

"ಅವ್ವಾ, ನಮ್ಮ ಮಾಸುಂಬಿ ಆಪಾನ್ನ ಕಳ್ಳಿ ಅಂದಾರ್ರೀ!" ಎನ್ನುತ್ತ ದಾವಲ್‌ಸಾಬ್ ಬಸವಣ್ಣೆಮ್ಮನ ಮನೆ ಕಟ್ಟೆಗೆ ಬಂದಾಗ ಅವನ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಭತ್ತದ ನಾಟಿ ಗುಂಪು ನಡೆಸಿದ ಬಸವಣ್ಣೆಮ್ಮ ಈಗ ಸಿಂಧನೂರಿನ ಕಳವು ಕಪಟಗಳನ್ನು ಪತ್ತೆ ಹಚ್ಚುವವಳು. ಆಕೆಯನ್ನು ಆಟೋದಲ್ಲಿ ಕರೆದೊಯ್ಯುವವನು ದಾವಲ್‌ಸಾಬ್.

ನಡೆದದ್ದಿಷ್ಟು. ಸ್ಟೇಷನ್ನಿಗೆ ರೈಲುಗಾಡಿಗಳು ಹೆಚ್ಚಾಗಿ, ಒಳಗೆ ಜಾಗವಿಲ್ಲದೆ ಊರ ಹೊರಗೇ ನಿಲ್ಲತೊಡಗಿದ್ದವು. ಅದಕ್ಕೇ ಕೊನೆಯ ಒಂದು ಮೈಲಿಗೆ ಎರಡನೇ ಹಳಿ. ಆ ಹಳಿ ಹಾಯುವ ದಾರಿಗೆಂದು ತಿಂಗಳ ಹಿಂದೆ ಗದ್ದೆಯಲ್ಲಿ ನೆಟ್ಟ ಗುರುತಿನ ಕಲ್ಲು ಬಸವಂತರಾಯ ಸಾವ್ಕಾರರ ಅಕ್ಕಿ ಗಿರಣಿಯ ಕಣದ ನೇರಕ್ಕಿತ್ತು. ಈಗ ದಾವಲ್‌ಸಾಬ್ ಅಕ್ಕ ಎಂದು ಕರೆಯುವ ಮಾಸುಂಬಿಯ ಮನೆಯ ನೇರಕ್ಕಿದೆ. ಯಾಕೆಂದು ಕೇಳಿದವಳಿಗೆ, ಅವಳ ಓಣಿಗೆ ಬಂದಿದ್ದ ರೈಲ್ವೆ ಇಂಜಿನಿಯರ್ ಎಲ್ಲರೂ ಕೇಳುವಂತೆ, "ಕಲ್ಲು ಕದ್ದು ಸರಿಸಿದವಳು ನೀನೇ, ನಮ್ಮವರು ಮೊದಲಿನ ಜಾಗಕ್ಕೆ ಇಟ್ಟಿದ್ದಾರೆ" ಎಂದು ಬೈದಿದ್ದ. ನಾಳೆ ಕಲ್ಲು ನೋಡಿಯೇ ಕೊನೆಯ ನಕ್ಷೆ ಬರೆಯುತ್ತಾರೆ. ಆಮೇಲೆ ಮನೆಯೂ ಇಲ್ಲ, ಮಾನವೂ ಇಲ್ಲ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ದಾವಲ್‌ಸಾಬನಿಗೆ ಆ ಗಾದೆಯ ಮೇಲೂ ಸಿಟ್ಟು ಬಂತು.

ಬಸವಣ್ಣೆಮ್ಮ ಸೀರೆ ಎತ್ತಿಕಟ್ಟಿ ಗದ್ದೆಗಿಳಿದಳು. ನಾಟಿಯಾಗಿ ಹತ್ತು ದಿನವಾಗಿತ್ತು. ಕಣದ ನೇರಕ್ಕೆ ಒಂದು ಕಡೆ ಮಾತ್ರ ಸಸಿಯಿಲ್ಲದ ಬೋಳು ಜಾಗ. ದಾವಲ್‌ಸಾಬನೂ ಅದನ್ನು ನೋಡಿದ, ಆದರೆ ಏನೂ ಹೊಳೆಯಲಿಲ್ಲ.

"ಎಲ್ಲಾರನ್ನೂ ಕರಿ" ಎಂದಳು.

ಕಲ್ಲಿನ ಪಕ್ಕದ ಬದುವಿನ ಮೇಲೆ ಇಂಜಿನಿಯರ್, ಸಾವ್ಕಾರ, ಮಾಸುಂಬಿ ಮತ್ತು ಅವಳ ಮೇಲೆ ದೂರು ಹೇಳಿದ್ದ ಅಳತೆ ಮೇಸ್ತ್ರಿ ಶಿವಕಾಂತ ಬಂದು ನಿಂತರು.

"ಆಕಿ ಕಲ್ಲು ಕಿತ್ತಿದ್ದು ಯಾವಾಗ ಕಂಡಿಪಾ ಶಿವಕಾಂತ?" ಎಂದು ಬಸವಣ್ಣೆಮ್ಮ ಕೇಳಿದಳು.

"ನಾಟಿಗಿಂತ ಮೊದ್ಲರೀ. ಅವತ್ತ ಸಂಜೀಕ ನಾನೇ ತಿರುಗಿ ಇಲ್ಲಿ ನೆಟ್ಟೀನಿ."

"ಆಮ್ಯಾಲೆ ಯಾರರ ಮುಟ್ಟ್ಯಾರೇನು?"

"ಯಾರೂ ಇಲ್ಲ. ದಿನಾ ನೋಡಾಕತ್ತೀನಿ."

"ಹಂಗಾರ ಎತ್ತು ದಾವಲ್."

ದಾವಲ್‌ಸಾಬ್ ಕಲ್ಲು ಕಿತ್ತ. ಅದರ ಬುಡದಲ್ಲಿ ಆರೇಳು ಸಸಿಗಳು ಕೆಸರಿಗೆ ಅಂಟಿ ಕೊಳೆತಿದ್ದವು.

"ನಾಟಿಗಿಂತ ಮೊದ್ಲೇ ಕಲ್ಲು ಇಲ್ಲಿದ್ದರ, ಕಲ್ಲಿನ ಕೆಳಗ ಹೋಗಿ ಸಸಿ ಯಾರು ಹಚ್ಚಿದ್ರು?" ಬಸವಣ್ಣೆಮ್ಮನ ದನಿ ಏರಿತು. "ನೆಲ್ಲು ಹಚ್ಚೋ ಹೆಣ್ಮಕ್ಕಳು ಕಲ್ಲಿನ ಸುತ್ತ ಗೇಣು ಜಾಗ ಬಿಡ್ತಾರ. ಆ ಬೋಳು ಜಾಗ ಕಣದ ನೇರಕ್ಕ ಐತಿ. ನಾಟಿ ದಿನ ಕಲ್ಲು ಅಲ್ಲೇ ಇತ್ತು. ಆಮ್ಯಾಲೆ ಕಿತ್ತು ಇಲ್ಲಿ ನೆಟ್ಟಾಂವ ನೀನು, ಯಾವತ್ತು ನೆಟ್ಟಿ ಅಂತ ಸುಳ್ಳು ಹೇಳಿದಾಂವನೂ ನೀನು. ಇದರಿಂದ ಉಳಿದಿದ್ದು ಯಾರ ಕಣ ಅಂತ ಎಲ್ಲಾರಿಗೂ ಕಾಣತೈತಿ."

"ಸಾವ್ಕಾರ್ರು ಹೇಳಿದ್ರು..." ಎಂದು ಶಿವಕಾಂತ ತಲೆ ತಗ್ಗಿಸಿದ. ಸಾವ್ಕಾರ ಕಾಲುವೆಯ ಕಡೆ ಮುಖ ತಿರುಗಿಸಿದ. ಥೂ, ಎಂಥ ಜನ!

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಕಲ್ಲು ಮೊದಲಿನ ಜಾಗಕ್ಕೇ ಹೋಗುತ್ತದೆ. ಈ ಹೆಣ್ಣುಮಗಳ ತಪ್ಪಿಲ್ಲ ಅಂತ ಆಫೀಸಿನಿಂದ ಕಾಗದ ಕೊಡುತ್ತೇನೆ."

ಮಾಸುಂಬಿ ಮುಂದೆ ಬಂದಳು. "ಕಾಗದ ಯಾರು ಓದ್ತಾರ್ರೀ ಸಾಹೇಬ್ರ? ಕಳ್ಳಿ ಅಂತ ಬಾಯಿಲೆ ಅಂದಿದ್ರಿ, ನಮ್ಮ ಓಣ್ಯಾಗ ನಿಂತು. ಅಲ್ಲೇ ಬಂದು ಇದನ್ನೂ ಅನ್ರಿ."

ದಾವಲ್‌ಸಾಬ್ ಆಟೋ ತಂದು ನಿಲ್ಲಿಸಿದ. ಇಂಜಿನಿಯರ್ ಹತ್ತಲೇಬೇಕಾಯಿತು. ಓಣಿಯಲ್ಲಿ ಒಂದೊಂದಾಗಿ ಬಾಗಿಲು ತೆರೆದವು. "ಮಾಸುಂಬಿಯವರು ಕಲ್ಲು ಮುಟ್ಟಿಲ್ಲ" ಎಂದು ಅವನು ಮೆಲ್ಲಗೆ ಹೇಳಿದ.

"ಹಿಂದಿನ ಮನೀಗೆ ಕೇಳಸ್ಲಿಲ್ರೀ!" ಎಂದು ದಾವಲ್‌ಸಾಬ್ ಕೂಗಿದ.

ಇಂಜಿನಿಯರ್ ಮೊದಲಿನಿಂದ ಹೇಳಿದ, ಈ ಸಲ ಜೋರಾಗಿ.