ಸನ್ಮಾನವಾದ ಬಾಟಲಿ

"ಬಾಟಲಿ ಕೊಡು ಯಕ್ಕಾ! ಇಲ್ಲಾಂದ್ರ ಸ್ಕೂಟಿ ಸಮೇತ ಗಟಾರದಾಗ ಕೆಡವ್ತೇನಿ!"

ಯಂಕಣ್ಣನ ಬುಲೆಟ್ ನನ್ನ ಪಕ್ಕಕ್ಕೇ ಬಂತು. ಕೈಯಲ್ಲಿ ಕಬ್ಬಿಣದ ರಾಡು. ಕೇಶ್ವಾಪುರದ ಜನ ದಾರಿ ಬಿಟ್ಟರು... ಬಿಡಿಸೋಕೆ ಯಾರೂ ಬರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು!

ನಾನು ದುರಗವ್ವ. ಹುಬ್ಬಳ್ಳಿಯಲ್ಲಿ ಖಾಸಗಿ ಪತ್ತೇದಾರಿಕೆ ನನ್ನ ಕಸುಬು. ಹೆಚ್ಚಾಗಿ ಬೇರೆಯವರ ಗಂಡಂದಿರ ಹಿಂದೆ ತಿರುಗೋದು. ಇವತ್ತು ಮಾತ್ರ ಬೋರ್‌ವೆಲ್ ನೀರಿನ ಹಿಂದೆ.

ಯಾಕೆ ಅಂತೀರಾ? ಕೇಳಿ.

ಶಿರಗುಪ್ಪಿಯ ಗುಡ್ಡವ್ವ ಆಫೀಸಿಗೆ ಬಂದು ಕಣ್ಣೀರು ಹಾಕಿದ್ದಳು. ಅವಳ ಓಣಿಯ ಪಕ್ಕ ಶಂಭುಲಿಂಗ ಸಾವಕಾರರ ಕಾರ್ಖಾನೆ. ಅಲ್ಲಿ ಗ್ರೀಸ್ ತೊಳೆಯುವ ಸಾಲ್ವೆಂಟ್ ನೆಲಕ್ಕಿಳಿದು ಬೋರ್‌ವೆಲ್ ಕೆಟ್ಟಿತ್ತು. ಓಣಿಗೆ ಟ್ಯಾಂಕರ್ ನೀರೇ ಗತಿ. ಆ ಹೊಲಸನ್ನು ಸುಡಲು ಸಾವಕಾರರು ನೆಲದೊಳಗೆ ಪರ್ಸಲ್ಫೇಟ್ ಎಂಬ ಔಷಧ ಇಳಿಸಿದರು. ಆ ಔಷಧಕ್ಕೆ ಚುರುಕು ಮುಟ್ಟಿಸಲು ಜೊತೆಗೆ ಕಬ್ಬಿಣದ ಉಪ್ಪು. ಹೋದ ಟೆಸ್ಟಿನಲ್ಲಿ ನೀರು ಪಾಸ್! ಇವತ್ತೂ ಪಾಸಾದರೆ ಟ್ಯಾಂಕರ್ ಬಂದ್.

"ಖರೇ ಹೇಳ್ತೇನಿ ಯವ್ವಾ, ನೀರು ಇನ್ನೂ ನಾರತೈತಿ. ಟ್ಯಾಂಕರ್ ನಿಂತ್ರ ನನ್ನ ಮೊಮ್ಮಕ್ಳು ಅದನ್ನ ಕುಡೀಬೇಕು."

ನಾರುವ ನೀರು ಪಾಸಾಗೋದು ಹೇಗೆ? ಲಂಚ ಅಂದುಕೊಂಡೆ. ತಪ್ಪು!

ಬೆಳಿಗ್ಗೆ ಶಿರಗುಪ್ಪಿಗೆ ಹೋದೆ. ಪೆಂಡಾಲ್, ಮೈಕು, ಶಾಲುಗಳ ರಾಶಿ. ಟೆಸ್ಟಿಗೆಂದು ಬೋರ್‌ವೆಲ್ಲಿನಿಂದ ತುಂಬಿದ ಬಾಟಲಿಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟರು. ಆರತಿ ಎತ್ತಿದರು. ಹಾರ ಹಾಕಿ ವೇದಿಕೆಯ ಮುಂದೆ ಸುಡುಬಿಸಿಲಲ್ಲಿ ಕೂರಿಸಿದರು. ಆಮೇಲೆ ಭಾಷಣ... ಭಾಷಣ... ಮತ್ತೂ ಭಾಷಣ!

ನಮ್ಮ ಕಡೆ ಸನ್ಮಾನ ಆಗದೆ ಏನೂ ಊರು ಬಿಡೋದಿಲ್ಲ, ಬಿಡಿ.

ಕೇಶ್ವಾಪುರದಲ್ಲಿ ಲ್ಯಾಬ್ ನಡೆಸುವ ತಸ್ಲೀಮಾಗೆ ಫೋನ್ ಮಾಡಿದೆ. ಆಕೆ ಬಿದ್ದು ಬಿದ್ದು ನಕ್ಕಳು.

"ಅಯ್ಯ ಅಕ್ಕಾ! ನೀರಿನ ಜೋಡಿ ಔಷಧನೂ ಬಾಟಲ್ಯಾಗ ಬಂದಿರ್ತೈತಿ. ಬಿಸಲಾಗ ಇಟ್ರ ಇನ್ನೂ ಜೋರ್ ಕೆಲಸ ಮಾಡ್ತೈತಿ. ಭಾಷಣ ಮುಗಿಯೂದ್ರಾಗ ಬಾಟಲಿ ಸ್ವಚ್ಛ!"

"ಮತ್ತ ಬೋರ್‌ವೆಲ್ಲು?"

"ಅಲ್ಲಿಗೆ ಮಣ್ಣಾಗಿನ ಹೊಲಸು ಇನ್ನೂ ಬರಾಕತ್ತೈತಿ. ನೀ ಒಂದು ಬಾಟಲಿ ತುಂಬ್ಕೊಂಡು ವಿಟಮಿನ್ ಸಿ ಗುಳಿಗಿ ಪುಡಿ ಮಾಡಿ ಹಾಕು. ಔಷಧದ ಆಟ ಅಲ್ಲಿಗೇ ಬಂದ್. ಲಗೂ ತಗೊಂಡು ಬಾ!"

ತುಂಬಿಕೊಂಡೆ. ಗುಳಿಗೆ ಪುಡಿ ಮಾಡಿ ಹಾಕಿದೆ. ಸಾವಕಾರರ ಬಲಗೈ ಯಂಕಣ್ಣ ನೋಡಿಬಿಟ್ಟ! ಕೇಶ್ವಾಪುರದವರೆಗೂ ಬೆನ್ನು ಹತ್ತಿದ.

ಈಗ ರಾಡು ಬೀಸಿದ. ನಾನು ಗಕ್ಕನೆ ಬ್ರೇಕ್ ಹಾಕಿದೆ. ರಾಡು ಗಾಳಿಗೆ... ಬುಲೆಟ್ ಚುರುಮುರಿ ಗಾಡಿಗೆ! ಗಾಡಿಯವಳು ಅವನ ಕಾಲರ್ ಹಿಡಿದಳು.

"ನನ್ನ ಗಾಡಿ ನಿಮ್ಮಪ್ಪ ರಿಪೇರಿ ಮಾಡಸ್ತಾನೇನಲೇ?"

ಅವಳ ಕೈಗೆ ಸಿಕ್ಕವನು ಎಲ್ಲಿ ಹೋಗ್ತಾನೆ! ನಾನು ಲ್ಯಾಬ್ ಸೇರಿದೆ.

ತಸ್ಲೀಮಾಳ ಮೆಷಿನ್ ಸುಳ್ಳು ಹೇಳಲಿಲ್ಲ. ನೀರು ವಿಷ. ಆಕೆಯನ್ನೂ ಹಿಂದೆ ಕೂರಿಸಿಕೊಂಡು ಶಿರಗುಪ್ಪಿಗೆ ಹಾರಿದೆ.

ಭಾಷಣ ಇನ್ನೂ ನಡೆದಿತ್ತು!

ಟೆಸ್ಟ್ ಮಾಡಿಸಬೇಕಾದ ಅಧಿಕಾರಿ ಬಸವಪ್ರಭು ಶಾಲು ಹೊದ್ದು ತೂಕಡಿಸುತ್ತಿದ್ದರು. ನಾನು ಮೈಕು ಕಸಿದು ತಸ್ಲೀಮಾಳ ಕೈಗಿತ್ತೆ. ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಸಾವಕಾರರು ಕೆಂಡವಾದರು. "ಸನ್ಮಾನ ಆದ ಬಾಟಲಿಗೆ ಇದು ಅಪಮಾನ ಐತ್ರಿ!"

ಗುಡ್ಡವ್ವ ಬೋರ್‌ವೆಲ್ಲಿನ ಪಂಪು ಹೊಡೆದು, ಕೊಡ ತುಂಬಿ ತಂದು, ಅಧಿಕಾರಿಯ ಮುಂದೆ ಕುಕ್ಕಿದಳು.

"ಮೂಗು ಐತಲ್ರಿ ಸಾಹೇಬ್ರ? ನೋಡ್ರಿ!"

ಬಸವಪ್ರಭು ಬಗ್ಗಿದರು. ಥಟ್ಟನೆ ಶಾಲು ಮೂಗಿಗೇರಿತು. ನಿದ್ದೆ ಹಾರಿಹೋಯಿತು.

"ಟ್ಯಾಂಕರ್ ನಿಲ್ಲೂದಿಲ್ಲ. ಸಾವಕಾರ್ರ, ಔಷಧ ಇನ್ನೊಮ್ಮೆ ಹಾಕ್ರಿ. ಇನ್ಮ್ಯಾಲೆ ಗುಳಿಗಿ ಪುಡಿ ಹಾಕಿ ಬಾಟಲಿ ಸೀದಾ ಲ್ಯಾಬಿಗೆ!"

ಗುಡ್ಡವ್ವ ನನ್ನ ಎರಡೂ ಕೈ ಹಿಡಿದು ಅತ್ತುಬಿಟ್ಟಳು. 

ಸಂಜೆ ಸಾವಕಾರರ ಫೋನ್. ದನಿ ಬೆಲ್ಲ.

"ಆಗಿದ್ದು ಆತ್ರಿ ಅಕ್ಕಾರ. ನಿಮಗೂ ಒಂದು ಸನ್ಮಾನ ಇಟ್ಕೊಂಡೇವಿ. ಬಯಲಾಗ, ಮಧ್ಯಾಹ್ನ..."

"ಬ್ಯಾಡ್ರಿ ಸಾವಕಾರ್ರ. ಬಿಸಲಾಗ ನಿಮ್ಮ ಭಾಷಣ ಕೇಳಿ ನಾನೂ ಸ್ವಚ್ಛ ಆಗಿಬಿಟ್ರ... ಮಂದಿ ಹೊಲಸು ಕೆದಕೂ ನನ್ನ ಧಂದೆ ನಡಿಯೂದು ಹೆಂಗ?"