ಎರಡೇ ಎರಡು ಬಿಸ್ಕತ್ತು

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀರಾ ತಾತ?" ಫೈಲ್ ಹಿಡಿದು ಬಂದ ನರ್ಸ್ ಕೇಳಿದರು.

"ಏನೂ ಇಲ್ಲ ಸಿಸ್ಟರ್," ಎಂದರು ತಾತ.

ಮೊಮ್ಮಗಳು ಗುಬ್ಬಿ ತಟ್ಟನೆ ತಾತನ ಮುಖ ನೋಡಿದಳು. ಅರ್ಧ ಗಂಟೆಯ ಹಿಂದೆ, ಅಮ್ಮ ಮುಖ ತೊಳೆಯಲು ಹೋಗಿದ್ದಾಗ, ತನ್ನ ಸ್ಕೂಲ್ ಬ್ಯಾಗಿನಿಂದ ತಾತನಿಗೆ ಎರಡು ಬಿಸ್ಕತ್ತು ತೆಗೆದುಕೊಟ್ಟವಳು ಅವಳೇ.

ತಾತನಿಗೆ ಹರ್ನಿಯಾ ಆಪರೇಷನ್. ಹನ್ನೊಂದಕ್ಕೆ ಎಂದವರು ಹನ್ನೆರಡು ಎಂದರು, ಆಮೇಲೆ ಎರಡು ಎಂದರು. ಬಸ್ ಕಂಡಕ್ಟರ್ ಆಗಿದ್ದ ತಾತ, ಈ ಬಸ್ಸು ಇನ್ನೂ ಡಿಪೋ ಬಿಟ್ಟಿಲ್ಲ ಎಂದು ಮೊದಮೊದಲು ನಗಿಸುತ್ತಿದ್ದರು. ಕಾದೂ ಕಾದೂ ಅವರಿಗೂ ಸಾಕಾಯಿತು. ಹೊಟ್ಟೆ ಚುರುಗುಟ್ಟುತ್ತಿದೆ, ಎರಡೇ ಎರಡು ಕೊಡು, ಯಾರಿಗೂ ಹೇಳಬೇಡ ಎಂದು ಪಿಸುಗುಟ್ಟಿದ್ದರು.

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಲಾಂಡ್ರಿಯಲ್ಲಿ ದಿನವಿಡೀ ಬೆಡ್‌ಶೀಟ್ ಇಸ್ತ್ರಿ ಮಾಡುವ ಅಮ್ಮ, ಇವತ್ತಿನ ಒಂದು ರಜೆಗಾಗಿ ಎರಡು ಭಾನುವಾರ ಕೆಲಸಕ್ಕೆ ಹೋಗಿದ್ದಳು. ಆಪರೇಷನ್ ನಿಂತರೆ ಮತ್ತೆ ಎರಡು ಭಾನುವಾರ. ಅದನ್ನು ನೆನೆದೇ ಗುಬ್ಬಿಗೆ ಅಳು ಬಂತು.

ನಿನ್ನೆ ನರ್ಸ್ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಮೊದಲು ಕೈಗೆ ಸೂಜಿ, ಆಮೇಲೆ ಗಾಢ ನಿದ್ದೆ. ಎದ್ದಾಗ ಗಂಟಲು ಒಣಗಿರುತ್ತದೆ, ಹೊಲಿಗೆ ನೋಯುತ್ತದೆ, ಆದರೂ ಸಂಜೆಗೆ ಮೆಲ್ಲಗೆ ನಡೆಸುತ್ತೇವೆ. ಹೊಟ್ಟೆಯಲ್ಲಿ ಊಟ ಮಾತ್ರ ಇರಬಾರದು. ನಿದ್ದೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಬಿಸ್ಕತ್ತು ಊಟವಲ್ಲವಲ್ಲ ಎಂದುಕೊಂಡೇ ಗುಬ್ಬಿ ಕೊಟ್ಟಿದ್ದಳು. ಈಗ ಹಾಗೆ ಅನ್ನಿಸಲಿಲ್ಲ. ಸ್ಟ್ರೆಚರ್ ಬಂದು ಬಾಗಿಲಲ್ಲಿ ನಿಂತಿತು.

"ಸಿಸ್ಟರ್, ತಾತ ಬಿಸ್ಕತ್ತು ತಿಂದಿದ್ದಾರೆ. ನಾನೇ ಕೊಟ್ಟೆ."

ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ನರ್ಸ್ ಡಾಕ್ಟರನ್ನು ಕೇಳಿ ಬಂದು, ಹೇಳಿದ್ದು ಒಳ್ಳೆಯದಾಯಿತು ಎಂದು ಗುಬ್ಬಿಯ ತಲೆ ಸವರಿದರು. ಆದರೆ ಆಪರೇಷನ್ ಇವತ್ತಿಲ್ಲ, ಮುಂದಿನ ವಾರ. ಸ್ಟ್ರೆಚರ್ ಪಕ್ಕದ ಹಾಸಿಗೆಗೆ ಹೋಯಿತು.

ಅಮ್ಮ ಮಂಚದ ತುದಿಯಲ್ಲಿ ಕುಸಿದು ಕೂತಳು. "ಯಾಕಪ್ಪ ಸುಳ್ಳು ಹೇಳ್ದೆ? ನಿನಗೇನಾದ್ರೂ ಆಗಿದ್ರೆ?"

ತಾತ ತಲೆ ತಗ್ಗಿಸಿದರು. "ನಿನಗೆ ಮತ್ತೆ ರಜೆ ಯಾರು ಕೊಡ್ತಾರಮ್ಮ?"

ಅಮ್ಮ ತಾತನ ಪಕ್ಕಕ್ಕೆ ಸರಿದಳು. ಎರಡು ನಿಮಿಷ ಬಿಟ್ಟು ಹೊರಡೋಣ ಎಂದು ತಾತನ ಭುಜಕ್ಕೆ ತಲೆಯಿಟ್ಟಳು. ಇಟ್ಟದ್ದೇ ತಡ, ನಿದ್ದೆ ಹತ್ತಿತು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಹಗಲು ಹೊತ್ತಿನಲ್ಲಿ ಅಮ್ಮ ಮಲಗಿದ್ದನ್ನು ಗುಬ್ಬಿ ನೋಡಿಯೇ ಇರಲಿಲ್ಲ. ತಾತ ಕಲ್ಲಿನ ಹಾಗೆ ಅಲುಗದೆ ಕೂತರು.

ಸ್ವಲ್ಪ ಹೊತ್ತಿಗೆ ನರ್ಸ್ ಡಿಸ್ಚಾರ್ಜ್ ಚೀಟಿ ಹಿಡಿದು ಬಂದರು, ಅಮ್ಮನ ಸಹಿ ಬೇಕಿತ್ತು. ಗುಬ್ಬಿ ಸದ್ದಾಗದಂತೆ ಎದ್ದು ಬಾಗಿಲಿಗೆ ಹೋದಳು.

"ಆಮೇಲೆ ಬರ್ತೀರಾ ಸಿಸ್ಟರ್?" ಎಂದಳು ಮೆಲ್ಲಗೆ. "ಅಮ್ಮಂಗೆ ಇವತ್ತು ರಜೆ."