ಬಾವಿಗೆ ಬಂದ ಬಣ್ಣ

"ಯಾರ್ರೀ ಅದು?! ನಮ್ಮ ಚರಂಡೀಲಿ ಏನ್ರೀ ಕೆಲಸ ನಿಮಗೆ?"

ಲಾಂಡ್ರಿಯ ಹಿತ್ತಲಲ್ಲಿ ಮೊಣಕಾಲೂರಿ ಕೂತಿದ್ದವನು ಬೆಚ್ಚಿಬಿದ್ದು ತಿರುಗಿದ. ಕೈಯಲ್ಲಿ ಹಸಿರು ನೀರಿನ ಬಾಟಲಿ. ಮುಖದಲ್ಲಿ ಸಿಕ್ಕಿಬಿದ್ದವರ ನಗು.

ಕೂಗಿದ ಲಾಂಡ್ರಿ ಹುಡುಗಿಯ ಕೈಯಲ್ಲಿ ಬಟ್ಟೆಗೆ ಹಾಕುವ ಗಂಜಿಯ ಬಕೆಟ್ಟಿತ್ತು. ಮರುಕ್ಷಣ ಬಕೆಟ್ಟು ಅವಳ ಕೈಯಲ್ಲೇ ಇತ್ತು... ಗಂಜಿ ಮಾತ್ರ ಇರಲಿಲ್ಲ!

ನೆತ್ತಿಯಿಂದ ಕಾಲರಿನವರೆಗೆ ಗಂಜಿ ಇಳಿಸಿಕೊಂಡ ಆ ಮನುಷ್ಯ ಕಣ್ಣೊರೆಸಿಕೊಂಡು ಎದ್ದು ನಿಂತ. "ಗಂಜಿ ಆಯ್ತು. ಒಂದು ಇಸ್ತ್ರಿನೂ ಹೊಡೆದುಬಿಟ್ರೆ ಹೊರಡ್ತೀನಿ."

ಅವಳಿಗೆ ನಗು ಉಕ್ಕಿ ಬಂತು. ಹಲ್ಲು ಕಚ್ಚಿ ತಡೆದಳು. ಕಳ್ಳನ ಎದುರು ನಕ್ಕರೆ ಮರ್ಯಾದೆ ಉಳಿಯುತ್ತದೆಯೇ?

"ನಾನು ಕಳ್ಳ ಅಲ್ಲ. ಹಲ್ಲಿನ ಡಾಕ್ಟ್ರು."

"ನಮ್ಮ ಚರಂಡಿಗೆ ಹಲ್ಲಿಲ್ಲ."

"ನದಿ ಸಮಿತಿ ಕಡೆಯಿಂದ ಬಂದಿದ್ದೀನಿ ಕಣ್ರೀ!"

ನದಿ ಸಮಿತಿ! ಆ ಹೆಸರು ಕೇಳಿದ್ದೇ ತಡ, ಅವಳ ನಗು ಆವಿಯಾಯಿತು.

ಬೀದಿ ಇಳಿಜಾರಿನದು. ಮೇಲ್ಗಡೆ ಮನೆಗಳು, ನಡುವೆ ಅಪ್ಪ–ಮಗಳ ಲಾಂಡ್ರಿ, ಕೆಳಗೆ ಎಲ್ಲರಿಗೂ ಸೇರಿದ ಒಂದು ಬಾವಿ, ಅದರಾಚೆ ನದಿ. ಇತ್ತೀಚೆಗೆ ಆ ಬಾವಿಯಲ್ಲಿ ನೊರೆ ಏಳತೊಡಗಿತ್ತು. ಕುಡಿಯುವುದು ಹಾಗಿರಲಿ, ಆ ನೀರಿನಲ್ಲಿ ಮುಖ ತೊಳೆಯುವುದಕ್ಕೂ ಜನ ಹೆದರುತ್ತಿದ್ದರು. ನೊರೆ ಎಂದರೆ ಸೋಪು, ಸೋಪು ಎಂದರೆ ಲಾಂಡ್ರಿ. ಬೀದಿಯ ತರ್ಕ ಅಲ್ಲಿಗೆ ಮುಗಿದಿತ್ತು. ಹೆಚ್ಚು ಯೋಚಿಸಿದರೆ ತಲೆನೋವು ಬರುತ್ತದೆ ಎಂದು ಬೀದಿಯವರಿಗೆ ಚೆನ್ನಾಗಿ ಗೊತ್ತಿತ್ತು.

"ಕ್ಲಿನಿಕ್ಕಿಗೆ ಬರೋ ಮಕ್ಕಳಿಗೆ ನಾನೊಂದು ಗುಲಾಬಿ ಮಾತ್ರೆ ಅಗಿಯೋಕೆ ಕೊಡ್ತೀನಿ," ಎಂದು ಡಾಕ್ಟ್ರು ವಿವರಿಸಿದ. "ಹಲ್ಲಲ್ಲಿ ಎಲ್ಲೆಲ್ಲಿ ಕೊಳೆ ಉಳಿದಿದ್ಯೋ ಅಲ್ಲೆಲ್ಲ ಬಣ್ಣ ಹಿಡಿಯುತ್ತೆ. 'ಚೆನ್ನಾಗಿ ಉಜ್ಜಿದ್ದೀನಿ' ಅನ್ನೋ ಸುಳ್ಳು ಅಲ್ಲೇ ಬಯಲು. ಇದೂ ಹಾಗೇ. ಚರಂಡಿಗೆ ಬಣ್ಣ ಬಿಟ್ರೆ, ನೆಲದೊಳಗೆ ನೀರು ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಬಣ್ಣಾನೂ ಹೋಗುತ್ತೆ. ಯಾರಿಗೂ ತೊಂದರೆ ಇಲ್ಲದ ಬಣ್ಣ. ಬಾವೀಲಿ ಹಸಿರು ಕಂಡ್ರೆ..."

"...ಲಾಂಡ್ರಿಗೆ ಬೀಗ. ಅಲ್ವಾ? ಹೇಳದೆ ಕೇಳದೆ ಹಿತ್ತಲಿಗೆ ನುಗ್ಗೋದು ಯಾವ ನ್ಯಾಯ?"

"ಮೊದಲೇ ಹೇಳಿದ್ರೆ ನೀವು ಚರಂಡಿ ಮುಚ್ಚಿಬಿಡ್ತೀರಿ ಅಂತ ಅಧ್ಯಕ್ಷರು..."

"ಅಧ್ಯಕ್ಷರು ಅಂದ್ರೆ ನಿಮ್ಮಮ್ಮ. ಅವರ ಮಗ ಹಲ್ಲಿನ ಡಾಕ್ಟ್ರು ಅಂತ ಕೇಳಿದ್ದೆ."

"ಹೌದು." ಅವನು ತಲೆ ಕೆರೆದುಕೊಂಡ, ಬೆರಳಿಗೆ ಗಂಜಿ ಅಂಟಿತು. "ಮನೇಲಿ ಅಮ್ಮ, ಸಭೇಲಿ ಅಧ್ಯಕ್ಷರು. ಎರಡೂ ಕಡೆ ನನಗೆ ಮಾತಾಡೋ ಅವಕಾಶ ಇಲ್ಲ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸುಳ್ಳು ಹೇಳುವ ಕಣ್ಣುಗಳಲ್ಲ... ಅಥವಾ ಹಾಗೆ ಕಾಣುವಷ್ಟು ಚೆಂದದ ಕಣ್ಣುಗಳು!

"ಹಾಕಿ ಬಣ್ಣ. ಆದ್ರೆ ನಿಮ್ಮನೆ ಚರಂಡಿಗೂ ಹಾಕಬೇಕು. ಬೇರೆ ಬಣ್ಣ."

"ನಮ್ಮನೆಗಾ? ಯಾಕೆ?"

"ಯಾಕೆ, ನಿಮ್ಮನೇಲಿ ಯಾರೂ ಸ್ನಾನ ಮಾಡಲ್ವಾ?"

ಅವನು ಬಾಯ್ತುಂಬ ನಕ್ಕ. ಹಲ್ಲಿನ ಡಾಕ್ಟ್ರ ಹಲ್ಲು ಚೆನ್ನಾಗಿಯೇ ಇದ್ದವು. "ಆಯ್ತು. ನಮ್ಮನೆಗೆ ಕೆಂಪು."

ಅವನು ಹೋದ ಮೇಲೆ ಅವಳು ಹಿತ್ತಲ ಮೂಲೆಯಲ್ಲಿ ಕುಸಿದು ಕೂತಳು. ಧೈರ್ಯವೆಲ್ಲ ತೋರಿಕೆಯದು. ಒಗೆದ ನೀರು ಸೋಸಲೆಂದು ಅವಳೂ ಅಪ್ಪನೂ ಸೇರಿ ಅಲ್ಲೊಂದು ಹೊಂಡ ತೋಡಿ, ಕಲ್ಲು, ಮರಳು ತುಂಬಿ, ಮೇಲೆ ಜೊಂಡು ಬೆಳೆಸಿದ್ದರು. ನೀರು ಅದರಲ್ಲಿ ಇಳಿದು ತಿಳಿಯಾಗಿ, ತೊಟ್ಟಿ ಸೇರಿ, ಮತ್ತೆ ಒಗೆಯಲು ಬರುತ್ತಿತ್ತು. ಆದರೆ ಹೊಂಡದ ತಳ ಎಲ್ಲಾದರೂ ಬಿರುಕು ಬಿಟ್ಟಿದ್ದರೆ? ನೆಲದೊಳಗೆ ಇಣುಕಿ ನೋಡಿದವರು ಯಾರು?

ಹಸಿರು ಬಂದರೆ ಕಟ್ಟಡದ ಮಾಲೀಕರು ಜಾಗ ಬಿಡಿಸುತ್ತಾರೆ. ಅವರೂ ಸಮಿತಿಯವರೇ. ಅಪ್ಪನ ಇಡೀ ಬದುಕು ಈ ಸೋಪಿನ ವಾಸನೆಯಲ್ಲೇ ಇದೆ...

ಇನ್ನು ಅಧ್ಯಕ್ಷರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಬೀದಿಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಉಳಿದರ್ಧ ಈಗ ಹಿಂಡಿಸಿಕೊಳ್ಳುತ್ತಿರುವವರು. ನದಿಯ ದಂಡೆಗೆ ಹುಲ್ಲು ನೆಡಿಸಿ, ಕಸ ಸುರಿಯುವವರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಬೈದು, ನದಿಗೆ ಜೀವ ತಂದವರೂ ಅವರೇ. ಅದು ನಿಜ. ಆದರೆ ಬೇಸಿಗೆಯ ಮೊದಲು ಅವರಿಗೊಂದು ಹೊಳಹು ಹೊಳೆದಿತ್ತು. ಹೊಳೆಯ ಪಕ್ಕದಲ್ಲಿ ಲಾಂಡ್ರಿ ಯಾಕೆ? "ನಮ್ಮ ಬಟ್ಟೆ ನಾವೇ ಒಗೆಯೋಣ!" ಎಂದು ಘೋಷಣೆ ಕೂಗಿ, ಮೇಲ್ಪಂಕ್ತಿ ಹಾಕಿಕೊಡಲು ತಮ್ಮ ಹಿತ್ತಲಿಗೆ ಬೀರುವಿನಷ್ಟು ದೊಡ್ಡ ವಾಷಿಂಗ್ ಮಷೀನ್ ತರಿಸಿದರು. ಅದಾದ ಕೆಲವೇ ವಾರಗಳಿಗೆ ಬಾವಿಯಲ್ಲಿ ನೊರೆ. "ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದರು.

ನೋಡಿದರು. ಆದರೆ ನೋಡಬೇಕಾದ ಕಡೆ ಯಾರೂ ನೋಡಲಿಲ್ಲ.

ಬಣ್ಣ ಬಂತೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ನೋಡಬೇಕಿತ್ತಲ್ಲ? ಡಾಕ್ಟ್ರು ನೀರು ಸೇದುತ್ತಿದ್ದ, ಅವಳು ಬಿಳಿ ಬೇಸಿನ್ ಹಿಡಿಯುತ್ತಿದ್ದಳು. ಇಬ್ಬರೂ ಬಗ್ಗಿ ನೋಡುತ್ತಿದ್ದರು. ನೀರಿನಲ್ಲಿ ಕಾಣುತ್ತಿದ್ದುದು ಎರಡು ಮುಖ.

"ಇವತ್ತೂ ಏನಿಲ್ಲ," ಅನ್ನುವನು.

"ನೊರೆ ಇದೆ."

"ನೊರೆ ಬಿಡಿ. ನಿಮ್ಮ ಮೂಗಿನ ಮೇಲೆ ಸೋಪಿದೆ."

"ಅದು ನನ್ನ ಕಸುಬು. ನಿಮ್ಮ ಕಿವಿ ಹತ್ರ ಏನು ಬಿಳಿ?"

"ಅದೂ ನನ್ನ ಕಸುಬೇ. ನಿನ್ನೆ ಒಬ್ರ ಹಲ್ಲಿಗೆ ತುಂಬಿದ ಸಿಮೆಂಟು!"

ನೆಲದೊಳಗಿನ ನೀರು ಎಷ್ಟು ನಿಧಾನ ಎಂದು ಅವಳು ಮೊದಮೊದಲು ಬೈದುಕೊಳ್ಳುತ್ತಿದ್ದಳು. ಬರಬರುತ್ತಾ, ಇನ್ನೂ ಸ್ವಲ್ಪ ನಿಧಾನವಾಗಿ ಬಂದರೂ ಅಡ್ಡಿಯಿಲ್ಲ ಅನಿಸತೊಡಗಿತು. ಅಯ್ಯೋ! ಇದೆಂಥ ಆಸೆ? ಬೀಗ ಹಾಕಿಸಲು ಬಂದವನ ಹೆಜ್ಜೆ ಸದ್ದಿಗೆ ಕಿವಿಗೊಡುತ್ತಿದ್ದೀನಾ?

"ಏನಮ್ಮಾ, ಬಾವಿಗೆ ಬಣ್ಣ ಬಂತಾ?" ಎಂದು ಇಸ್ತ್ರಿ ಪೆಟ್ಟಿಗೆಯ ಹಿಂದಿನಿಂದ ಅಪ್ಪ ಕೇಳಿದರು.

"ಇಲ್ಲಪ್ಪಾ."

"ನಿನ್ನ ಮುಖಕ್ಕೆ ಬಂದಿದೆ."

"ಅಪ್ಪಾ!"

ಒಂದು ಸಂಜೆ ಅವಳು ಸೀನುವುದನ್ನು ಕಂಡು ಡಾಕ್ಟ್ರು, "ನಾಳೆ ಬರಬೇಡಿ, ಮಲಗಿ. ನಾನೊಬ್ನೇ ನೋಡ್ತೀನಿ," ಎಂದ. ಅವಳು ಮಲಗಿದಳು.

ಮರುದಿನವೇ ಬಾವಿಯ ನೀರು ಕೆಂಪಾಗಿತ್ತು!

ಸಂಜೆ ಬೀದಿಯ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಭರ್ತಿ. ಡಾಕ್ಟ್ರು ಬೇಸಿನ್ನನ್ನು ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡ. "ಬಣ್ಣ ಕೆಂಪು. ನಮ್ಮನೆ ಚರಂಡಿಗೂ ಮಷೀನಿನ ಪೈಪಿಗೂ ನಾನು ಹಾಕಿದ್ದು ಇದೇ. ಅಂದ್ರೆ... ನೊರೆ ನಮ್ಮನೆಯಿಂದ ಬರ್ತಿದೆ."

ಪಿಸುಪಿಸು ಎದ್ದಿತು. ಅಧ್ಯಕ್ಷರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಬೆತ್ತ ತೆಗೆದಂತೆ.

"ಬಾಟಲಿ ಅದಲುಬದಲು ಮಾಡಿದ್ದೀಯ."

"ಇಲ್ಲಮ್ಮ!"

"ಮಾಡಿದ್ದೀಯ! ಆ ಹುಡುಗಿ ಮೇಲೆ ನಿನಗೆ ಮನಸ್ಸಾಗಿದೆ. ಬೆಳಗಾಗೆದ್ದು ಬೇಸಿನ್ನಲ್ಲಿ ಏನು ನೋಡ್ತಿದ್ರಿ ಇಬ್ರೂ? ಇಡೀ ಬೀದಿಗೆ ಗೊತ್ತು!"

"ನನಗೆ ಗೊತ್ತಿರ್ಲಿಲ್ಲ," ಎಂದರು ಹಿಂದಿನ ಸಾಲಿನ ಪೋಸ್ಟ್‌ಮಾಸ್ಟರ್, ನೊಂದುಕೊಂಡು. "ನನಗೆ ಯಾರೂ ಏನೂ ಹೇಳಲ್ಲ."

"ಬಾಟಲಿ ಬದಲಾಗಿಲ್ಲ," ಎಂದ ಡಾಕ್ಟ್ರು.

"ಮನಸ್ಸು?"

ಅವನ ಕಿವಿಗಳು ಬೇಸಿನ್ನಿನ ನೀರಿಗಿಂತ ಕೆಂಪಗಾದವು.

ಅವಳ ಎದೆ ಡವಡವ ಹೊಡೆದುಕೊಂಡಿತು. ಮೊದಲು ಸಂತೋಷಕ್ಕೆ... ಆಮೇಲೆ ಬೇರೊಂದು ಯೋಚನೆಗೆ. ನಾನು ಬಾರದ ದಿನವೇ ಬಣ್ಣ ಬಂತು. ಬರಬೇಡ ಎಂದವನೂ ಇವನೇ. ಹಾಗಾದರೆ... ನನ್ನ ಮೇಲಿನ ಕನಿಕರಕ್ಕೆ ಇವನೇ ಬಾವಿಗೆ ಕೆಂಪು ಸುರಿದನೇ?

ಹೊರಗೆ ಮೆಟ್ಟಿಲ ಬಳಿ ಅವನನ್ನು ನಿಲ್ಲಿಸಿದಳು. "ನಿಜ ಹೇಳಿ ಡಾಕ್ಟ್ರೇ. ನಾನಿಲ್ಲದ ದಿನ ನೋಡಿ ಹೇಗೆ ಬಂತು ಬಣ್ಣ?"

"ನೀವೂ ನನ್ನ ನಂಬಲ್ವಾ?"

"ನನಗೆ ದಾನದ ಬಣ್ಣ ಬೇಡ! ನಮ್ಮ ಲಾಂಡ್ರಿ ಶುದ್ಧ ಅಂದ್ರೆ ನಿಜವಾಗ್ಲೂ ಶುದ್ಧ ಇರ್ಬೇಕು."

ಅವನ ಮುಖ ಬಾಡಿಹೋಯಿತು. ಮೆಟ್ಟಿಲಿಳಿದು ಹೋದ.

ಅವಳು ಒಳಗೆ ಹೋಗಿ ಅಧ್ಯಕ್ಷರ ಎದುರು ನಿಂತಳು. "ಟೀಚರ್, ಇನ್ನೊಂದು ಸಲ ಮಾಡೋಣ. ಈ ಸಲ ಬಣ್ಣ ನೀವೇ ಆರಿಸಿ. ಎಲ್ಲರ ಮುಂದೆ ಹಾಕಿ. ನೀರೂ ನೀವೇ ಸೇದಿ."

ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡರು. "ಹಸಿರು ಬಂದ್ರೆ?"

"ಹಸಿರು ಯಾರದ್ದೋ ಅವರದ್ದು ತಪ್ಪು."

"ಹಾಗಾದ್ರೆ ಹಸಿರು ನಮ್ಮನೆಗೆ. ಕೆಂಪು ನಿಮಗೆ." ಪ್ರಶ್ನೆಪತ್ರಿಕೆ ಬದಲಿಸಿದ ಗತ್ತು ಅವರದು!

ಬಾವಿಯ ಹಳೆಯ ಬಣ್ಣ ಪೂರ್ತಿ ತೊಳೆದುಹೋಗುವವರೆಗೆ ಕಾದರು. ಆಮೇಲೆ ಹಾಡಹಗಲಲ್ಲಿ, ಇಡೀ ಬೀದಿ ನಿಂತು ನೋಡುತ್ತಿರುವಾಗ, ಅವಳು ತನ್ನ ಚರಂಡಿಗೆ ಕೆಂಪು ಸುರಿದಳು. ಅಧ್ಯಕ್ಷರು ಮಷೀನಿನ ಪೈಪಿಗೆ ಹಸಿರು ಸುರಿದರು. ಪೋಸ್ಟ್‌ಮಾಸ್ಟರ್ ಸಾಕ್ಷಿ. ಈ ಸಲ ಅವರನ್ನು ಮೊದಲೇ ಕರೆದಿದ್ದರು.

ಮುಂದಿನ ಬೆಳಗುಗಳಲ್ಲಿ ಡಾಕ್ಟ್ರು ಬರಲಿಲ್ಲ. ಅಧ್ಯಕ್ಷರು ಸೇದುತ್ತಿದ್ದರು, ಅವಳು ಬೇಸಿನ್ ಹಿಡಿಯುತ್ತಿದ್ದಳು. ನೀರಿನಲ್ಲಿ ಈಗಲೂ ಎರಡು ಮುಖ ಕಾಣುತ್ತಿದ್ದವು, ಎರಡೂ ಗಂಟಿಕ್ಕಿದವು.

"ನೆಟ್ಟಗೆ ಹಿಡಿ."

"ಹಿಡಿದಿದ್ದೀನಿ ಟೀಚರ್."

"...ಅವನು ಸರಿಯಾಗಿ ಊಟ ಮಾಡ್ತಿಲ್ಲ."

"ನಾನೂ," ಎನ್ನಬೇಕೆಂದುಕೊಂಡವಳು ಬೇಸಿನ್ನನ್ನು ಇನ್ನಷ್ಟು ನೆಟ್ಟಗೆ ಹಿಡಿದಳು.

ಆಮೇಲೊಂದು ಬೆಳಿಗ್ಗೆ ಬಕೆಟ್ಟು ಮೇಲೆ ಬಂತು. ಅಧ್ಯಕ್ಷರು ಬಗ್ಗಿ ನೋಡಿದರು. ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ನೋಡಿದರು. ನೀರು ಚೆಲ್ಲಿ, ಇನ್ನೊಮ್ಮೆ ಸೇದಿದರು.

ಹಸಿರು. ಎಳೆ ಚಿಗುರಿನಂಥ, ಯಾರೂ ಇಲ್ಲವೆನ್ನಲಾಗದಂಥ ಹಸಿರು!

ಅವಳ ಕಣ್ಣು ತುಂಬಿ ಬಂತು. ಲಾಂಡ್ರಿ ಉಳಿಯಿತು! ಅಪ್ಪ... ಅಷ್ಟರಲ್ಲಿ ಇನ್ನೊಂದು ನೆನಪು ಚುಚ್ಚಿತು. ಅವನು ಹೇಳಿದ್ದು ನಿಜ. ಅಂದೂ ನಿಜವೇ ಹೇಳಿದ್ದ. ನಾನು ಏನೆಂದುಬಿಟ್ಟೆ ಅವನಿಗೆ!

ಅಧ್ಯಕ್ಷರು ಬಾವಿಕಟ್ಟೆಯ ಮೇಲೆ ಮೆಲ್ಲಗೆ ಕೂತರು. "ಮಷೀನ್ ಕೂರಿಸೋಕೆ ಬಂದವನು ಪೈಪ್ ಎಲ್ಲಿಗೆ ಬಿಡಲಿ ಅಂತ ಕೇಳಿದ್ದ. ಹತ್ರ ಎಲ್ಲಿದ್ಯೋ ಅಲ್ಲಿಗೆ ಬಿಡಪ್ಪ ಅಂದಿದ್ದೆ. ಹಿತ್ತಲಲ್ಲಿ ನಮ್ಮತ್ತೆ ಕಾಲದ ಬತ್ತಿದ ಬಾವಿ ಇದೆ, ಚಪ್ಪಡಿ ಮುಚ್ಚಿದ್ದು. ಅದಕ್ಕೇ ಬಿಟ್ಟಿರಬೇಕು."

ಅದಕ್ಕೇ ಬಿಟ್ಟಿದ್ದ. ಚಪ್ಪಡಿ ಸರಿಸಿದಾಗ ಒಳಗೆ ನೊರೆಯೋ ನೊರೆ. ಬತ್ತಿದ ಬಾವಿಯಿಂದ ನೆಲದಡಿಯ ನೀರಿಗೆ, ಅಲ್ಲಿಂದ ಬೀದಿಯ ಬಾವಿಗೆ, ನದಿಗೆ. ಲಾಂಡ್ರಿಯನ್ನು ಓಡಿಸಲು ತಂದ ಮಷೀನು ಸದ್ದಿಲ್ಲದೆ ನದಿಯನ್ನೇ ಒಗೆಯುತ್ತಿತ್ತು!

ಸಂಜೆಯ ಸಭೆಯಲ್ಲಿ ಅಧ್ಯಕ್ಷರು ಎದ್ದು ನಿಂತರು. ಬೀದಿ ಉಸಿರು ಬಿಗಿಹಿಡಿಯಿತು.

"ತಪ್ಪು ನನ್ನದು. ಬೆಂಚಿನ ಮೇಲೆ ನಿಲ್ಲಬೇಕಾ?"

"ಬೇಡ ಟೀಚರ್," ಎಂದಳು ಅವಳು. "ಬಟ್ಟೆ ಕಳಿಸಿದ್ರೆ ಸಾಕು. ಆಮೇಲೆ... ನಿಮ್ಮ ಹಿತ್ತಲ ಬಾವಿ ಮುಚ್ಚೋದು ಬೇಡ. ಶುದ್ಧ ಮಾಡಿ, ತಳಕ್ಕೆ ಕಲ್ಲು, ಮರಳು ಹಾಕಿ, ಮಾಳಿಗೆ ಮೇಲಿನ ಮಳೆ ನೀರು ಬಿಡೋಣ. ಅಷ್ಟೂ ದಿನ ಕೊಳೆ ಕೊಟ್ಟ ದಾರೀಲಿ ನೆಲಕ್ಕೆ ಒಳ್ಳೆ ನೀರು ಕೊಡೋಣ."

ಬೀದಿ ಸಲಿಕೆ ಹಿಡಿಯಿತು. ಹೂಳೆತ್ತಿದವರೇ ಎತ್ತಿದವರು, ಸಲಹೆ ಕೊಟ್ಟವರೇ ಕೊಟ್ಟವರು. ಪೋಸ್ಟ್‌ಮಾಸ್ಟರ್ ಎರಡನೆಯ ಗುಂಪಿನವರು. ಅಪ್ಪ ಹಗ್ಗ ಹಿಡಿದು ನಿಂತರು. ಡಾಕ್ಟ್ರು ಬಾವಿಯೊಳಗೆ ಇಳಿದಿದ್ದ. ಕೆಸರು ತುಂಬಿದ ಬುಟ್ಟಿಗಳನ್ನು ಅವಳೇ ಮೇಲೆಳೆದುಕೊಂಡಳು. ಅವನು ತಲೆಯೆತ್ತಿ ನೋಡಲಿಲ್ಲ. ಅವಳು ಬಗ್ಗಿ ನೋಡುವುದನ್ನು ಬಿಡಲಿಲ್ಲ.

ಮೊದಲ ಮಳೆ ಬಂದ ಮಧ್ಯಾಹ್ನ ಅವಳು ಕೊಡೆಯನ್ನೂ ಮರೆತು ಆ ಹಿತ್ತಲಿಗೆ ಓಡಿದಳು. ಅವನು ಅಲ್ಲೇ ನಿಂತಿದ್ದ. ಮಾಳಿಗೆಯಿಂದಿಳಿದ ನೀರು ಪೈಪಿನಲ್ಲಿ ಗುಳುಗುಳು ಬಂದು ಕತ್ತಲ ಬಾವಿಗೆ ಧುಮುಕುತ್ತಿತ್ತು.

"ಡಾಕ್ಟ್ರೇ..."

"ಹ್ಞೂಂ."

"ನಾನು ನಿಮ್ಮನ್ನ ನಂಬಲಿಲ್ಲ. ತಪ್ಪಾಯ್ತು. ಯಾಕೆ ಅಂತ ಕೇಳಿ."

"ಯಾಕೆ?"

"ಲಾಂಡ್ರಿ ಉಳಿಯುತ್ತೆ, ನಿಮಗೆ ನನ್ನ ಮೇಲೆ ಮನಸ್ಸಿದೆ... ಎರಡೂ ಒಂದೇ ಸಂಜೆ ಗೊತ್ತಾದ್ರೆ ಯಾರು ನಂಬ್ತಾರೆ? ಅಷ್ಟೊಂದು ಒಳ್ಳೇದು ನನಗೆ ಯಾವತ್ತೂ ಒಟ್ಟಿಗೆ ಆಗಿಲ್ಲ."

ಅವನು ಮೊದಲ ಸಲ ಅವಳ ಕಡೆ ತಿರುಗಿದ. ಮಳೆ ಅವನ ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು. "ಎರಡನೇದು ನಾನು ಹೇಳಿಲ್ಲ. ಅಮ್ಮ ಹೇಳಿದ್ದು."

"ಹಾಗಾದ್ರೆ ಸುಳ್ಳಾ?"

"ಅಮ್ಮನ ಮಾತು ಎಷ್ಟೋ ಸಲ ತಪ್ಪಾಗುತ್ತೆ..." ಅವನು ಅವಳ ಒದ್ದೆ ಕೈ ಹಿಡಿದುಕೊಂಡ. "ಅದೊಂದು ಸರಿಯಾಗಿತ್ತು. ನೀವಂದ್ರೆ ನನಗೆ ಇಷ್ಟ. ತುಂಬಾ. ಕೋಪ ಬಂದಾಗ್ಲೂ ಕಮ್ಮಿ ಆಗ್ಲಿಲ್ಲ, ನೋಡಿದೆ."

ಅವಳು ಅಳುತ್ತಾ ನಕ್ಕಳು. ಅಡುಗೆಮನೆಯ ಕಿಟಕಿ ಪಕ್ಕ ಯಾರದೋ ಕನ್ನಡಕ ಮಿಂಚಿ, ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ "ಇನ್ನಾದ್ರೂ ಊಟ ಮಾಡ್ತಾನೆ," ಎಂಬ ಮಾತು ಕೇಳಿತು.

ಇಬ್ಬರೂ ಬಾವಿಕಟ್ಟೆಗೆ ಒರಗಿ ನಿಂತರು. ಕೆಳಗೆ, ಕಾಣದ ಆಳದಲ್ಲಿ, ನೀರು ಮರಳಿಗೆ ಇಳಿಯುವ ಸದ್ದು.

"ಒಳಗೆ ಹೋಗೋಣ್ವಾ? ಪೂರ್ತಿ ನೆನೆದುಹೋಗಿದ್ದೀರಿ," ಎಂದಳು.

"ಬಾವಿ ತುಂಬಲಿ, ಹೋಗೋಣ."

"ಅದಕ್ಕೆ ಎಷ್ಟೋ ಮಳೆಗಾಲ ಬೇಕು ಡಾಕ್ಟ್ರೇ!"

"ನನಗೇನೂ ಅವಸರ ಇಲ್ಲ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"...ನನಗೂ."